ನರಗಳ ಸುಸ್ತು
ನಿನ್ನೆ ರಾತ್ರಿ ನರಗಳ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಚಿಕಿತ್ಸೆಗಳ ಬಗ್ಗೆ ತುಂಬಾ ಹೊತ್ತು ಓದುತ್ತಾ ಕೂತಿದ್ದೆ. 1869ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಬಿಯರ್ಡ್ ಸುಸ್ತು, ತಲೆನೋವು, ಆತಂಕ, ನಿದ್ದೆ ಬಾರದಿರುವುದು ಎಲ್ಲವನ್ನೂ ಸೇರಿಸಿ 'ನ್ಯೂರಸ್ತೇನಿಯಾ' ಅಂತ ಬರೆದರು. ನರಗಳ ಶಕ್ತಿ ಖಾಲಿಯಾಗಿದೆ ಅನ್ನುವುದು ಅವರ ನಂಬಿಕೆ.

ಆಮೇಲೆ ಬಂದದ್ದು ಅಮೆರಿಕದ ಇನ್ನೊಬ್ಬ ವೈದ್ಯ ಸೈಲಾಸ್ ವಿಯರ್ ಮಿಚೆಲ್ ಅವರ ವಿಶ್ರಾಂತಿ ಚಿಕಿತ್ಸೆ. ವಾರಗಟ್ಟಲೆ ಹಾಸಿಗೆ, ಲೀಟರುಗಟ್ಟಲೆ ಹಾಲು, ಮಸಾಜ್, ಮೈಗೆ ಸಣ್ಣ ಕರೆಂಟ್, ಜೊತೆಗೆ ಹೆಂಗಸರಿಗೆ ಓದು, ಬರಹ, ಮನೆಯವರ ಭೇಟಿ ಎಲ್ಲಾ ಬಂದ್. ನರ ಸೋತ ಗಂಡಸರನ್ನು ಮಾತ್ರ ಅಮೆರಿಕದ ಪಶ್ಚಿಮದ ಬಯಲಿಗೆ ಕಳಿಸಿ, ಕುದುರೆ ಸವಾರಿ ಮಾಡಿ, ಬೇಟೆಯಾಡಿ ಅನ್ನುತ್ತಿದ್ದರು. ಓದಿ ನಿಜಕ್ಕೂ ಸಿಟ್ಟು ಬಂತು. ಅದೇ ಕಾಯಿಲೆ ಅಲ್ವಾ?

ಮೊದಲ ಮಹಾಯುದ್ಧದಲ್ಲಿ ಯುದ್ಧದ ಆಘಾತದಿಂದ ಮಾತೇ ನಿಂತುಹೋದ ಕೆಲವು ಸೈನಿಕರ ಗಂಟಲಿಗೆ ಕರೆಂಟ್ ಕೊಟ್ಟರು. ಅದೇ ಕಾಲದಲ್ಲಿ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಡಾ. ರಿವರ್ಸ್, ನಡುಗುತ್ತಿದ್ದ ಸೇನಾಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು, ಮರೆಯಲು ಒದ್ದಾಡುತ್ತಿದ್ದ ನೆನಪುಗಳ ಬಗ್ಗೆಯೇ ಮಾತಾಡಿಸುತ್ತಿದ್ದರು.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ನನ್ನ ಆತಂಕಕ್ಕೆ ಮೊದಲ ಸಲ ಡಾಕ್ಟರ ಹತ್ತಿರ ಹೋದಾಗ ಅವರು ಪೆನ್ನು ಕೆಳಗಿಟ್ಟು, ಅರ್ಧ ಗಂಟೆ ಸುಮ್ನೆ ಕೇಳಿಸಿಕೊಂಡಿದ್ದರು. ಆ ದಿನ ನೆನಪಾಯಿತು.