ಬಿಲ್ ಲಾಗ್, ಕಂತು 7: ತೂತಿನಲ್ಲಿ ಬಿದ್ದುಹೋದ ಒಂಬತ್ತನೇ ಅಂಕಿ

ಮೂರು ವಾರ ತಲೆ ತಿಂದ ಸಮಸ್ಯೆ ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಗೆಹರಿಯಿತು. ಬಗೆಹರಿದ ರೀತಿ ನೋಡಿದರೆ ಖುಷಿಪಡಬೇಕೋ ನಾಚಿಕೆಪಡಬೇಕೋ ಗೊತ್ತಾಗುತ್ತಿಲ್ಲ.

ಹಿಂದಿನ ಕಂತು ಓದದವರಿಗೆ: ಸಾಗರದಲ್ಲಿ ಅಣ್ಣನ ಹಾರ್ಡ್‌ವೇರ್ ಅಂಗಡಿ ಇದೆ. ಅಲ್ಲಿಗೆ ಬರುವ ಖರೀದಿ ಬಿಲ್ಲುಗಳ ಫೋಟೋ ಹೊಡೆದು, ಅಕ್ಷರ ಓದಿಸಿ, ಕ್ಲೌಡ್ ಅಕೌಂಟಿಂಗ್ ತಂತ್ರಾಂಶಕ್ಕೆ ತಾನಾಗಿಯೇ ಏರಿಸಬೇಕು ಅನ್ನುವುದು ನನ್ನ ಹಠ. ಫೋಟೋ ಹದ ಮಾಡುವ ಓಪನ್‌ಸಿವಿ, ಅಕ್ಷರ ಓದುವ ಟೆಸೆರಾಕ್ಟ್, ತಂತ್ರಾಂಶದೊಳಗೆ ಬಿಟ್ಟುಕೊಳ್ಳುವ ಎಪಿಐ ಕೀ ಎಲ್ಲ ಹಳೇ ಓದುಗರಿಗೆ ಗೊತ್ತಿರುವುದೇ. ಪೈಸೆ ರೌಂಡ್ ಆಫ್ ಜಗಳ ಮುಗಿದಿದೆ. ಸಿಮೆಂಟಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರ ಬದಲು 18 ಆಯಿತಲ್ಲ, ಆಗ ಬರೆದ ದರದ ತಪಾಸಣೆಯೂ ಸುಮ್ನೆ ಕೆಲಸ ಮಾಡಿಕೊಂಡಿದೆ. ಈ ಕಂತು ಪೂರ್ತಿ ಜಿಎಸ್‌ಟಿ ನಂಬರಿನ ಗೋಳು.

ಗೋಳಿನ ಮೂಲ ಒಂದು ಕಂಬಿ. ಗಲ್ಲಾಪೆಟ್ಟಿಗೆಯ ಪಕ್ಕ ಮರದ ತುಂಡಿನ ಮೇಲೆ ನಿಂತಿರುವ ಚೂಪು ಕಂಬಿ, ಅಪ್ಪನ ಕಾಲದ್ದು. ಬಿಲ್ ಕೈಗೆ ಬಂದ ಕೂಡಲೇ ಅಣ್ಣ ಅದಕ್ಕೆ ಟಕ್ ಅಂತ ಚುಚ್ಚುತ್ತಾನೆ. ಯಾವಾಗಲೂ ಮೇಲ್ಭಾಗದಲ್ಲಿ, ಸರಿಯಾಗಿ ನಡುವೆ. ಮಾರಿದವರ ಜಿಎಸ್‌ಟಿ ನಂಬರ್ ಅಚ್ಚಾಗುವುದೂ ಅಲ್ಲೇ. ನಲವತ್ತು ಬಿಲ್ಲುಗಳ ತೂತು ಅಳೆದು ನೋಡಿದೆ. ಇಷ್ಟು ಗುರಿ ಇಟ್ಟು ಹೊಡೆಯುವವನು ಹಾರ್ಡ್‌ವೇರ್ ಅಂಗಡಿಯಲ್ಲಿ ಯಾಕೆ ಕೂತಿದ್ದಾನೋ!

ತೂತು ಸಾಲದು ಅಂತ ಥರ್ಮಲ್ ಕಾಗದದ ಕಾಟ ಬೇರೆ. ಅದರಲ್ಲಿ ಶಾಯಿಯೇ ಇರುವುದಿಲ್ಲ. ಕಾಗದದ ಲೇಪನಕ್ಕೆ ಬಿಸಿ ತಾಗಿದಾಗ ಕಪ್ಪಾಗುತ್ತದೆ, ಅಷ್ಟೇ. ಬಿಸಿಲು, ಎಣ್ಣೆ ಕೈ ತಾಗಿದರೆ ಮಾಸುತ್ತದೆ. ನಾನು ಬುದ್ಧಿವಂತಿಕೆ ಮಾಡಿ ಹಳೇ ಬಿಲ್ಲುಗಳನ್ನು ಪ್ಲಾಸ್ಟಿಕ್ ಫೈಲಿಗೆ ತುಂಬಿಸಿದ್ದೆ. ಪಿವಿಸಿ ಹಾಳೆ ಮೆತ್ತಗಾಗಲಿ ಅಂತ ಹಾಕಿರುವ ಪ್ಲಾಸ್ಟಿಸೈಸರ್ ಕೂಡ ಈ ಅಚ್ಚನ್ನು ಅಳಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ದಾಖಲೆ ಇಟ್ಟುಕೊಳ್ಳಬೇಕು ಅನ್ನುತ್ತದೆ ಕಾನೂನು. ಈ ಕಾಗದ 72 ವಾರ ಬಾಳಿದರೆ ದೊಡ್ಡದು. ನಮ್ಮ ಹಿಂದಿನವರು ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಕಡತ ಅಂದರೆ ಅದು. ಶೃಂಗೇರಿ ಮಠದ ಕಡತಗಳನ್ನು ಇವತ್ತಿಗೂ ಓದಬಹುದು. ಹೋದ ಮಳೆಗಾಲದ ಪೈಪಿನ ಬಿಲ್ ಓದಲಾಗುವುದಿಲ್ಲ.

ಸರಿ, ನಂಬರಿಗೆ ಬರೋಣ. ಹದಿನೈದು ಅಕ್ಷರ. ಮೊದಲೆರಡು ರಾಜ್ಯದ್ದು, ನಮ್ಮದು 29. ಆಮೇಲಿನ ಹತ್ತು ಪ್ಯಾನ್. ಅದರಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ. ಹಾಗಾಗಿ ‘ಎಸ್’ ಜಾಗದಲ್ಲಿ 5 ಓದಿದರೆ, ‘ಬಿ’ ಜಾಗದಲ್ಲಿ 8 ಓದಿದರೆ ಸ್ಥಾನ ನೋಡಿಯೇ ತಿದ್ದಬಹುದು. ಉಳಿಯುವುದು ಅಂಕಿ ಅಂಕಿಗಳ ನಡುವಿನ ಗೊಂದಲ. ಮಾಸಿದ ಬಿಲ್ಲಿನಲ್ಲಿ 3 ಮತ್ತು 8 ಅವಳಿ ಜವಳಿ.

ಇಲ್ಲಿ ಕೈ ಹಿಡಿದದ್ದು ಹದಿನೈದನೇ ಅಕ್ಷರ, ತಾಳೆ ನೋಡಲೆಂದೇ ಇಟ್ಟಿರುವುದು. ‘ಎ’ಗೆ 10, ‘ಜೆಡ್’ಗೆ 35 ಅಂತ ಬೆಲೆ ಕೊಟ್ಟು, ಮೊದಲ ಹದಿನಾಲ್ಕನ್ನು 1, 2, 1, 2 ಅಂತ ಗುಣಿಸುತ್ತಾ ಹೋಗಬೇಕು. ಪ್ರತಿ ಗುಣಲಬ್ಧವನ್ನು 36ರಿಂದ ಭಾಗಿಸಿ, ಭಾಗಲಬ್ಧ ಮತ್ತು ಶೇಷ ಎರಡನ್ನೂ ಮೊತ್ತಕ್ಕೆ ಸೇರಿಸಬೇಕು. ಆ ಮೊತ್ತಕ್ಕೆ ಇನ್ನೆಷ್ಟು ಸೇರಿಸಿದರೆ 36ರಿಂದ ಪೂರ್ತಿ ಭಾಗವಾಗುತ್ತದೋ ಅದೇ ಕೊನೇ ಅಕ್ಷರ. ಇದರ ಚಂದ ಏನೆಂದರೆ, ಒಂದು ಅಂಕಿ ಪೂರ್ತಿ ತೂತಿನಲ್ಲಿ ಹೋದರೂ ಹಿಂದಕ್ಕೆ ಲೆಕ್ಕ ಹಾಕಿ ಅದನ್ನು ವಾಪಸ್ ತರಬಹುದು. ಒಂದೇ ಉತ್ತರ ಬರುತ್ತದೆ. ಪೈಥಾನ್ ಭಾಷೆಯಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಮ್. ಬರೆದ ರಾತ್ರಿ ಅತ್ತಿಗೆಯನ್ನು ಕರೆದು ತೋರಿಸಿದೆ. "ಒಳ್ಳೇದಾಯ್ತು, ಊಟಕ್ಕೆ ಬಾ" ಅಂದರು.

ಒಂದು ವಾರ ಮೆರೆದೆ. ಆಮೇಲೆ ಅಣ್ಣನ ಫೋನ್. "ಏ, ಹುಬ್ಬಳ್ಳಿಯವರಿಗೆ 18,640 ಬಾಕಿ ಅಂತ ತೋರಿಸ್ತಿದೆಯಲ್ಲೋ. ದುಡ್ಡು ಕೊಟ್ಟಾಯ್ತಲ್ಲ ಮಾರಾಯ?"

ಕೊಟ್ಟದ್ದು ಹೌದು. ಆದರೆ ತಂತ್ರಾಂಶದಲ್ಲಿ ಅದೇ ಹೆಸರಿನ ವ್ಯಾಪಾರಿಗಳು ಇಬ್ಬರು! ಬಿಲ್ ಒಬ್ಬರ ಖಾತೆಯಲ್ಲಿ, ಪಾವತಿ ಇನ್ನೊಬ್ಬರ ಖಾತೆಯಲ್ಲಿ. ಹಳೇ ವ್ಯಾಪಾರಿಗಳ ಪಟ್ಟಿ ಜೊತೆ ಹೋಲಿಸಬಾರದಿತ್ತಾ ಅಂತೀರಿ. ಹೋಲಿಸುತ್ತಿದ್ದೆ. ಇವರು ಹೊಸಬರು, ಅವರ ಮೊದಲನೇ ಬಿಲ್ಲೇ ತೂತಿನದ್ದು. ಅದನ್ನು ನೋಡಿ ನನ್ನ ಪ್ರೋಗ್ರಾಮ್ ತಪ್ಪು ನಂಬರಿನಲ್ಲಿ ಖಾತೆ ತೆರೆಯಿತು. ಎರಡನೇ ಬಿಲ್ ಸರಿಯಾಗಿ ಓದಿದಾಗ ಇನ್ನೊಂದು ತೆರೆಯಿತು.

ತಪ್ಪು ನಂಬರ್ ತಾಳೆ ಪರೀಕ್ಷೆಯಲ್ಲಿ ಪಾಸಾದದ್ದು ಹೇಗೆ? ಒಂಬತ್ತನೇ ಅಂಕಿ ತೂತಿನಲ್ಲಿತ್ತು. ಹನ್ನೊಂದನೆಯದು ಮಾಸಿತ್ತು, 3 ಅಥವಾ 8. ಒಂಬತ್ತು, ಹನ್ನೊಂದು ಎರಡೂ ಬೆಸ ಸ್ಥಾನ, ಎರಡಕ್ಕೂ ಗುಣಕ 1. ಅಂದರೆ ತಾಳೆ ಅಕ್ಷರ ಹೇಳಬಲ್ಲದ್ದು ಇಷ್ಟೇ: ಎರಡನ್ನೂ ಕೂಡಿದರೆ 11 ಬರಬೇಕು. 8 ಮತ್ತು 3 ಆದರೂ 11, 3 ಮತ್ತು 8 ಆದರೂ 11. ನನ್ನ ಪ್ರೋಗ್ರಾಮ್ ಮೊದಲು ಸಿಕ್ಕಿದ್ದನ್ನು ಹಿಡಿದುಕೊಂಡು ಸಂತೋಷದಿಂದ ಮುಂದೆ ಹೋಯಿತು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿ ಹೆಸರು ನೋಡಬಹುದು, ನಿಜ. ಆದರೆ ಅಲ್ಲಿ ಪ್ರತಿ ಸಲ ಕ್ಯಾಪ್ಚಾ. ಮನುಷ್ಯ ಕೂರದೇ ಕೆಲಸ ಆಗಬೇಕು ಅಂತ ತಾನೇ ಇಷ್ಟೆಲ್ಲ?

ಎರಡು ವಾರ ಫೋಟೋ ಸುಧಾರಿಸುವುದರಲ್ಲಿ ಕಳೆದೆ. ಕಾಂಟ್ರಾಸ್ಟ್ ಏರಿಸಿದೆ, ಇಳಿಸಿದೆ. ಬೆಳಕು ಸಮ ಬೀಳಲಿ ಅಂತ ಆನ್‌ಲೈನ್‌ನಲ್ಲಿ ಬಿಳಿ ಎಲ್‌ಇಡಿ ದೀಪ ತರಿಸಿದೆ. ಬಂದದ್ದು ಹಳದಿ. ವಾಪಸ್ ಕಳಿಸಿದೆ, ಮತ್ತೆ ಹಳದಿಯೇ ಬಂತು. ಆ ಮಾರಾಟಗಾರನ ಪೆಟ್ಟಿಗೆಯೊಳಗೆ ಬಿಲ್ ಕೂಡ ಇರಲಿಲ್ಲ, ಬಿಲ್ ಪ್ರಾಜೆಕ್ಟಿಗೆ ತರಿಸಿದ ದೀಪಕ್ಕೆ! ಸಾಕಾಗಿ ಅಂಗಡಿಯಿಂದಲೇ ಮುಕ್ಕಾಲು ಇಂಚಿನ ಪೈಪು, ನಾಲ್ಕು ಎಲ್ಬೋ, ಎರಡು ಟೀ ತಂದು ಫೋನ್ ನಿಲ್ಲಿಸುವ ಸ್ಟ್ಯಾಂಡ್ ಮಾಡಿದೆ. ಅದು ಎಷ್ಟು ಚೆನ್ನಾಗಿ ಬಂದಿದೆ ಅಂದರೆ ಮುಂದಿನ ಪ್ರಾಜೆಕ್ಟ್ ಅದರ ಮೇಲೆಯೇ: ಅಪ್ಪನ ಉದ್ರಿ ಪುಸ್ತಕಗಳು. ಕನ್ನಡ ಅಂಕಿ, ಮೋಡಿ ಹೊಡೆದ ಕೈಬರಹ, ಹೊಡೆದು ಹಾಕಿದ ಸಾಲುಗಳು. ಅಪ್ಪನ ೬ ಯಾವುದು, ೯ ಯಾವುದು ಅಂತ ಅಮ್ಮನಿಗೆ ಮಾತ್ರ ಗೊತ್ತಾಗುತ್ತದೆ. ತರಬೇತಿ ಡೇಟಾ ಅಂದರೆ ಅಮ್ಮನೇ. ಅದು ಇನ್ನೊಂದು ದಿನ.

ನಿನ್ನೆ ರಾತ್ರಿ ಬೇಸರದಲ್ಲಿ, ನಮ್ಮ ಅಕೌಂಟೆಂಟ್ ಕಳಿಸಿದ 2ಬಿ ಫೈಲ್ ತೆರೆದು ಕೂತಿದ್ದೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ತಯಾರಾಗುವ ನಮ್ಮ ಖರೀದಿಯ ಪಟ್ಟಿ ಅದು. ನಮಗೆ ಮಾರಿದವರು ಸಲ್ಲಿಸಿದ ಪ್ರತಿ ಬಿಲ್ಲಿನ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಕು, ಮೊತ್ತ, ತೆರಿಗೆ. ಕಂಪ್ಯೂಟರ್ ನೇರವಾಗಿ ಓದುವ ಜೆಸನ್ ರೂಪದಲ್ಲಿ, ಒಂದು ಚುಕ್ಕೆ ಮಾಸದೆ. ಹುಬ್ಬಳ್ಳಿಯವರದೂ ಇತ್ತು, ಒಂಬತ್ತನೇ ಅಂಕಿ ಸಮೇತ.

ಹಣೆ ಚಚ್ಚಿಕೊಂಡೆ. ನಾನು ಕಾಗದದಿಂದ ನಂಬರ್ ಅಗೆದು ತೆಗೆಯಲು ಒದ್ದಾಡುತ್ತಿದ್ದೆ. ನಂಬರ್ ಆಗಲೇ 2ಬಿಯಲ್ಲಿತ್ತು, ಅದಕ್ಕೆ ಹೊಂದುವ ಕಾಗದ ಹುಡುಕಿದ್ದರೆ ಸಾಕಿತ್ತು. ಹನ್ನೊಂದೂವರೆಯ ಹೊತ್ತಿಗೆ ಪೂರ್ತಿ ತಿರುಗಿಸಿದೆ. ಈಗ 2ಬಿಯ ಪ್ರತಿ ಸಾಲು ತಂತ್ರಾಂಶದಲ್ಲಿ ಒಂದು ಡ್ರಾಫ್ಟ್ ಬಿಲ್ ಆಗುತ್ತದೆ. ಫೋಟೋದಿಂದ ಓದುವುದು ಒಟ್ಟು ಮೊತ್ತ, ತಾರೀಕು, ಬಿಲ್ ನಂಬರಿನ ಕೊನೇ ಮೂರು ಅಂಕಿ ಮಾತ್ರ. ಮೂರರಲ್ಲಿ ಎರಡು ಹೊಂದಿದರೆ ಫೋಟೋ ಆ ಡ್ರಾಫ್ಟಿಗೆ ಅಂಟುತ್ತದೆ. ಇವು ಕಂಬಿ ಚುಚ್ಚುವ ಜಾಗದಿಂದ ಕೆಳಗಿವೆ.

ಹೋದ ತಿಂಗಳ 83 ಕಾಗದ ಹಾಕಿ ನೋಡಿದೆ. 14 ಡೀಸೆಲ್ ಬಿಲ್ಲು, ಅದು ಜಿಎಸ್‌ಟಿಯಲ್ಲೇ ಇಲ್ಲ. 11 ಹಮಾಲಿ, ಲಾರಿ ಬಾಡಿಗೆಯ ಕಚ್ಚಾ ಚೀಟಿ. ಇವನ್ನು ಕೈಯಲ್ಲೇ ತುಂಬಬೇಕು. ಉಳಿದ 58ರಲ್ಲಿ 52 ಹೊಂದಿದವು. ಹೊಂದದ ಆರರಲ್ಲಿ ನಾಲ್ಕು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರದು, ಕಾಯಬೇಕು. ಒಂದು, ನಾನೇ ಎರಡು ಸಲ ಫೋಟೋ ಹೊಡೆದದ್ದು. ಇನ್ನೊಬ್ಬರು ನಮ್ಮ ನಂಬರೇ ಹಾಕಿಲ್ಲ, ನಮ್ಮನ್ನು ದಾರಿಹೋಕ ಗಿರಾಕಿ ಅಂತ ತೋರಿಸಿದ್ದಾರೆ. ಅವರಿಗೆ ಫೋನ್ ಮಾಡುವ ಕೆಲಸ ಅಣ್ಣನದು, ನನಗೆ ಅಷ್ಟು ಬೈಯಲು ಬರುವುದಿಲ್ಲ. 2ಬಿಯಲ್ಲಿದ್ದು ಕಾಗದ ಸಿಗದವು ಮೂರು. ಎರಡು ಜೀಪಿನ ಸೀಟಿನಡಿ ಸಿಕ್ಕವು. ಮೂರನೆಯದು ನಮ್ಮ ಖರೀದಿಯೇ ಅಲ್ಲ, ಯಾರೋ ನಂಬರ್ ತಪ್ಪು ಹೊಡೆದಿದ್ದಾರೆ. ಅವರ ತೂತು ಎಲ್ಲಿತ್ತೋ.

ಇವತ್ತು ಬೆಳಿಗ್ಗೆ ಅಣ್ಣನಿಗೆ ಕ್ಲಿಪ್ ಇರುವ ಹಲಗೆಯೊಂದನ್ನು ಕೊಟ್ಟು, ಇನ್ನು ಬಿಲ್ಲನ್ನು ಇದಕ್ಕೆ ಸಿಕ್ಕಿಸು, ಚುಚ್ಚಬೇಡ ಅಂದೆ. ಸಂಜೆ ಹೋದಾಗ ಅದನ್ನು ಗೋಡೆಗೆ ಮೂರಿಂಚಿನ ಮೊಳೆ ಹೊಡೆದು ನೇತುಹಾಕಿದ್ದ. ಮೊಳೆಯ ತುದಿಗೆ ಎರಡು ಬಿಲ್ಲು ಚುಚ್ಚಿತ್ತು.