ಬೆಳಗಿನ ಮೊದಲ ಪಾಠ ಹಾಡಿನದ್ದೇ ಇರಲಿ

ಹಂಗೇರಿಯ ಜನಪದ ಕುಣಿತದ ಶಿಬಿರಗಳಲ್ಲಿ ವೇಳಾಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ಕುಣಿತ, ಹಾಡು, ವಾದ್ಯ, ಮೂರಕ್ಕೂ ಬೇರೆ ಬೇರೆ ಮೇಷ್ಟ್ರು ಬರುತ್ತಾರೆ. ಯಾರಿಗೆ ಯಾವ ಕೋಣೆ, ಯಾವ ಹೊತ್ತು ಅಂತ ಗೊತ್ತು ಮಾಡುವಾಗ ಎರಡು ವಿಷಯ ನಾನು ಬಿಟ್ಟುಕೊಡುವುದಿಲ್ಲ. ಮೂವರೂ ಆ ವಾರ ಒಂದೇ ಸೀಮೆಯದನ್ನು ಕಲಿಸಬೇಕು. ಮತ್ತೆ, ಬೆಳಗ್ಗೆ ಮೊದಲು ಹಾಡು.

ಕುಣಿಯೋಕೆ ಬಂದವರಿಗೆ ಇದು ಮೊದಮೊದಲು ಹಿಡಿಸಲ್ಲ. ಬೂಟು ಹಾಕಿಕೊಂಡು ತಯಾರಾಗಿ ಬಂದಿರುತ್ತಾರೆ, ಕೂತು ಹಾಡಿ ಅಂದರೆ ಬೇಜಾರು. ಆದರೆ ಚಾರ್ದಾಶ್ ಅನ್ನುವ ಜೋಡಿ ಕುಣಿತದ ನಿಧಾನಗತಿಯದನ್ನು ಕಲಿಯುವಾಗ ನೋಡಿ. ಹಾಡು ಬಾರದವರು ಹೆಜ್ಜೆ ಎಣಿಸುತ್ತಾ ನೆಲ ನೋಡುತ್ತಾರೆ. ಹಾಡು ಬಂದವರಿಗೆ ಸಾಲು ಎಲ್ಲಿ ಮುಗಿಯುತ್ತೆ ಅಂತ ಗೊತ್ತು. ಜೊತೆಯವರನ್ನು ತಿರುಗಿಸಿ ಸರಿಯಾಗಿ ಅಲ್ಲಿಗೆ ತಂದು ನಿಲ್ಲಿಸುತ್ತಾರೆ. ತಲೆ ಎತ್ತಿ ಕುಣಿಯುತ್ತಾರೆ.

ಇನ್ನೊಂದು ಕಾರಣವೂ ಇದೆ. ಈಗ ರೊಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದ ಹಂಗೇರಿಯನ್ ಹಳ್ಳಿಗಳಲ್ಲಿ ಕುಣಿಯುವವನು ವಾದ್ಯದವರ ಮುಂದೆ ನಿಂತು ತನಗೆ ಬೇಕಾದ ಹಾಡನ್ನು ತಾನೇ ಎತ್ತಿಕೊಳ್ಳುತ್ತಿದ್ದ. ಪ್ರೀಮಾಶ್, ಅಂದರೆ ಮುಂದಾಳು ಪಿಟೀಲಿನವರು, ಅದನ್ನು ಹಿಡಿದು ನುಡಿಸುತ್ತಿದ್ದರು. ಹಾಡೇ ಬರದಿದ್ದರೆ ಕೇಳುವುದು ಹೇಗೆ? ರಾತ್ರಿ ಎಲ್ಲರೂ ಸೇರಿ ಕುಣಿಯುವ ಹೊತ್ತಿಗೆ ಯಾರಾದರೂ ಧೈರ್ಯ ಮಾಡಿ ಮುಂದೆ ಹೋಗಿ ಒಂದು ಸಾಲು ಹಾಡಿದರೆ ನನಗೆ ಆ ದಿನದ ಕೆಲಸ ಸಾರ್ಥಕ ಅನ್ನಿಸುತ್ತದೆ.

ವಾದ್ಯದ ಕೋಣೆಯಲ್ಲಿ ಕೊಂತ್ರ ಕಲಿಯುವವರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಅದು ಮೂರು ತಂತಿಯ ವಯೋಲಾ. ತಂತಿ ಹೊರುವ ಕುದುರೆ ಚಪ್ಪಟೆ ಇರುವುದರಿಂದ ಮೂರೂ ತಂತಿ ಒಟ್ಟಿಗೆ ನುಡಿಯುತ್ತವೆ. ಕೆಲವು ಕುಣಿತಗಳಿಗೆ ಕಮಾನನ್ನು ಒಂದೇ ಸಲ ಎಳೆಯುತ್ತಾ ಅದರೊಳಗೆ ಎರಡು ಒತ್ತು ಕೊಡಬೇಕು. ಹೊಸಬರಿಗೆ ಬೇಗ ತೋಳು ಸೋತು ಒತ್ತು ಸಡಿಲವಾಗುತ್ತದೆ. ಆಗ ಕುಣಿತದ ಮೇಷ್ಟ್ರನ್ನು ಆ ಕೋಣೆಗೆ ಕಳಿಸುತ್ತೇನೆ. ಅವರು ಸುಮ್ನೆ ಎದುರಿಗೆ ಕುಣಿಯುತ್ತಾರೆ, ಅಷ್ಟೇ. ಕಮಾನು ನೋಡುತ್ತಿದ್ದ ಕಣ್ಣು ಕಾಲಿನ ಕಡೆ ಹೋಗುತ್ತದೆ. ಒತ್ತು ತನ್ನ ಜಾಗಕ್ಕೆ ಬರುತ್ತದೆ.

ದುಡ್ಡು ಉಳಿಸೋಕೆ ರೆಕಾರ್ಡಿಂಗ್ ಹಾಕಿಬಿಡೋಣ ಅನ್ನುವ ಮಾತು ಆಗಾಗ ಬರುತ್ತದೆ. ನಾನು ಒಪ್ಪುವುದಿಲ್ಲ. ಕಾಲೊತಸೆಗ್ ಸೀಮೆಯ ಗಂಡಸರ ಕುಣಿತ ಲೆಗೇನ್ಯೆಶ್‌ನಲ್ಲಿ ಒಬ್ಬೊಬ್ಬನೂ ಬೂಟು ತಟ್ಟುತ್ತಾ ಅಲ್ಲೇ ಹೆಜ್ಜೆ ಕಟ್ಟಿಕೊಂಡು ಹೋಗುತ್ತಾನೆ. ಅವನಿಗೆ ಉಸಿರು ಬೇಕಾದರೆ ಪ್ರೀಮಾಶ್ ನೋಡಿ ವೇಗ ತಗ್ಗಿಸುತ್ತಾರೆ. ರೆಕಾರ್ಡಿಂಗ್ ಯಾರ ಕಾಲನ್ನೂ ನೋಡುವುದಿಲ್ಲ ಅಲ್ವಾ.

1972ರಲ್ಲಿ ಬುಡಾಪೆಸ್ಟಿನಲ್ಲಿ ಶುರುವಾದ, ‘ಕುಣಿತದ ಮನೆ’ ಅನ್ನುವ ಅರ್ಥದ ತಾಂಟ್ಸ್‌ಹಾಜ್ ಕೂಟಗಳ ಜೀವಾಳವೂ ಇದೇ. ಟ್ರಾನ್ಸಿಲ್ವೇನಿಯಾದ ಸೇಕ್ ಅನ್ನುವ ಹಳ್ಳಿಯಲ್ಲಿ ಜನ ಸೇರಿ ಕುಣಿಯುತ್ತಿದ್ದ ರೀತಿಯನ್ನು ನೋಡಿ ನಗರದಲ್ಲೂ ಹಾಗೇ ಮಾಡಿದರು. ವೇದಿಕೆ ಬೇಡ, ಎದುರಿಗೆ ವಾದ್ಯ ಇರಲಿ, ಬಂದವರೆಲ್ಲ ಕುಣಿಯಲಿ. ಈ ಕಲಿಸುವ ಕ್ರಮವನ್ನು 2011ರಲ್ಲಿ ಯುನೆಸ್ಕೊ ಪರಂಪರೆ ಉಳಿಸುವ ಒಳ್ಳೆಯ ಮಾದರಿಗಳ ಪಟ್ಟಿಗೆ ಸೇರಿಸಿತು.

ಒಂದು ವಿಷಯಕ್ಕೆ ಮಾತ್ರ ನಾನು ಮೇಷ್ಟ್ರುಗಳ ಬೆನ್ನು ಬೀಳುತ್ತೇನೆ. ಹಳ್ಳಿಗಳಲ್ಲಿ ಈ ಸಂಗೀತ ನುಡಿಸಿಕೊಂಡು ಬಂದವರಲ್ಲಿ ಬಹಳ ಜನ ರೋಮಾ ಸಮುದಾಯದವರು. ಅಪ್ಪನಿಂದ ಮಗನಿಗೆ ಬಂದ ಕಸುಬು ಅದು. ಪಾಠದಲ್ಲಿ ಅವರ ಹೆಸರು ಬಿಟ್ಟುಹೋಗಿ ಊರಿನ ಹೆಸರಷ್ಟೇ ಉಳಿಯುವುದು ಜಾಸ್ತಿ. ಅದಕ್ಕೇ ಪಾಠದ ಹಾಳೆಯಲ್ಲಿ ಊರಿನ ಪಕ್ಕ ಒಂದು ಕಾಲಂ ಹಾಕಿದ್ದೇನೆ: ಈ ಹಾಡು ಯಾರ ಪಿಟೀಲಿನಿಂದ ಬಂದದ್ದು? ಅದು ಖಾಲಿ ಬಂದರೆ ಹಾಳೆ ವಾಪಸ್ ಕಳಿಸುತ್ತೇನೆ. ಮೇಷ್ಟ್ರು ಫೋನ್ ಮಾಡಿ, ವಿಚಾರಿಸಿ, ತುಂಬಿಸಿಕೊಂಡು ಬರುತ್ತಾರೆ.