ಸೆಪ್ಟೆಂಬರ್ 15

ಇವತ್ತು ಮಂಡ್ಯ, ಮೈಸೂರು ಕಡೆ ಯಾರ ಸ್ಟೇಟಸ್ ತೆರೆದರೂ ಪೇಟ ತೊಟ್ಟ ಸರ್ ಎಂವಿ. ಹಾಕಿ, ಸಂತೋಷ. ಆದರೆ ‘ಇಷ್ಟನೇ ಜಯಂತಿ’ ಅಂತ ಅಂಕಿ ಬರೆಯೋ ಮುಂಚೆ ಇಸವಿ ನೋಡಿಕೊಳ್ಳಿ. ಹಲವು ಕಡೆ 1861 ಅಂತಿದೆ, ಇನ್ನು ಕೆಲವು ಕಡೆ 1860. ಅಂಚೆ ಇಲಾಖೆ ಶತಮಾನೋತ್ಸವದ ಅಂಚೆಚೀಟಿ ತಂದದ್ದು 1960ರಲ್ಲಿ, ಅವರಿನ್ನೂ ಬದುಕಿದ್ದಾಗಲೇ. ಇದರ ಮೇಲೆ ‘ವರ್ಷ ತುಂಬಿತು’ ಅನ್ನೋದನ್ನೂ ‘ನೇ ಹುಟ್ಟುಹಬ್ಬ’ ಅನ್ನೋದನ್ನೂ ಬೆರೆಸಿದರೆ ಮತ್ತೊಂದು ವರ್ಷ ಹೆಚ್ಚುಕಡಿಮೆ.

ಕನ್ನಂಬಾಡಿ ಫೋಟೊ ಹಾಕುವವರಿಗೆ: ಆ ಕಟ್ಟೆ ನಿಂತಿರೋದು ಸಿಮೆಂಟಿನಿಂದಲ್ಲ, ಸುರ್ಕಿ ಗಾರೆಯಿಂದ. ಸುಟ್ಟ ಇಟ್ಟಿಗೆ ಪುಡಿ ಮತ್ತು ಸುಣ್ಣ. ಕೆಲಸ ಶುರುವಾದದ್ದು 1911ರಲ್ಲಿ. ಮುಗಿಯೋ ಹೊತ್ತಿಗೆ ಎಂವಿ ದಿವಾನಗಿರಿ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು.

ಇದೇ ತಾರೀಕು, 1830. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುದಾರಿಯ ಉದ್ಘಾಟನೆ. ನೀರು ತುಂಬಿಸಲು ರೈಲು ಪಾರ್ಕ್‌ಸೈಡಿನಲ್ಲಿ ನಿಂತಾಗ ಸಂಸದ ವಿಲಿಯಂ ಹಸ್ಕಿಸನ್ ಹಳಿ ಮೇಲೆ ಇಳಿದರು. ಪಕ್ಕದ ಹಳಿಯಲ್ಲಿ ‘ರಾಕೆಟ್’ ಎಂಜಿನ್ ಬಂತು. ಎರಡು ದಾರಿಗಳ ನಡುವೆ ಜಾಗ ಕಿರಿದು, ಅವರು ಜೋತುಬಿದ್ದ ಬೋಗಿಯ ಬಾಗಿಲು ಹೊರಕ್ಕೆ ತೆರೆದುಕೊಂಡು ಅವರನ್ನು ಎಂಜಿನ್ ಮುಂದಕ್ಕೇ ತಳ್ಳಿತು. ಅಂದು ರಾತ್ರಿಯೇ ತೀರಿಕೊಂಡರು. ನಮ್ಮ ಇಂಜಿನಿಯರುಗಳ ದಿನಕ್ಕೆ ಇಂಥ ಜೋಡಿ ಸಿಕ್ಕಿದ್ದು ಬರೀ ಕಾಕತಾಳೀಯ, ಆದರೂ ಬಾಗಿಲು ಯಾವ ಕಡೆ ತೆರೆಯಬೇಕು ಅನ್ನೋದೂ ಇಂಜಿನಿಯರಿಂಗೇ ತಾನೆ!

ಉಳಿದಂತೆ ಅಗಾಥಾ ಕ್ರಿಸ್ಟಿ (1890), ಅಣ್ಣಾದೊರೈ (1909) ಹುಟ್ಟಿದ್ದು ಇಂದೇ. ದೆಹಲಿಯಲ್ಲಿ ದೂರದರ್ಶನ ಶುರುವಾದದ್ದೂ ಇಂದೇ, 1959ರಲ್ಲಿ.